ಹುಳುವಿದೆ, ಗಿಡವೆಲ್ಲಿ?

ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಈಚಿನ ವರ್ಷಗಳಲ್ಲಿ ಹುಳುಹುಪ್ಪಟೆಗಳ ಫೋಟೊ ತೆಗೆಯುವವರ ಒಂದು ಪಂಗಡವೇ ಹುಟ್ಟಿಕೊಂಡಿದೆ. ಹಿಂದೆ ಕ್ಯಾಮರಾ ಕೊಂಡವರೆಲ್ಲ ಹಕ್ಕಿಯ ಹಿಂದೆ, ಇಲ್ಲವೆ ಹುಲಿಯ ಹಿಂದೆ ಹೋಗುತ್ತಿದ್ದರು. ಈಗಿನವರು ಒದ್ದೆ ನೆಲದಲ್ಲಿ ಮಂಡಿಯೂರಿ, ಇಂಬಳಗಳಿಗೆ ಸಲ್ಲಬೇಕಾದ ರಕ್ತ ಸಲ್ಲಿಸಿ, ಎಲೆಯಡಿ ಕೂತ ಜೇಡನ ಕಣ್ಣು ಎಣಿಸುತ್ತಾರೆ. ಇದು ಸಂತೋಷದ ಸಂಗತಿಯೇ. ಕಾಲ ಕೆಳಗಿನದನ್ನು ಬಗ್ಗಿ ನೋಡುವ ಅಭ್ಯಾಸ ಯಾವ ಕಾಲಕ್ಕೂ ಒಳ್ಳೆಯದು. ಆದರೆ ಇಂಥ ಚಿತ್ರಗಳನ್ನು ನೂರಾರು ನೋಡಿದ ಮೇಲೆ ನನ್ನಲ್ಲೊಂದು ತಕರಾರು ಉಳಿದುಕೊಂಡಿದೆ. ಇವು ನಮ್ಮ ಬೆಟ್ಟಗಳಲ್ಲಿ ತೆಗೆದ ಚಿತ್ರಗಳು ನಿಜ. ಆದರೆ ಇವು ನಮ್ಮ ಬೆಟ್ಟಗಳ ಚಿತ್ರಗಳಲ್ಲ.

ನಾನು ಹೇಳುತ್ತಿರುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಕಪ್ಪು ಹಿನ್ನೆಲೆ, ಅದರ ನಡುವೆ ಒಂದು ಜೀರುಂಡೆಯ ಮುಖ. ಕಣ್ಣಿನ ಒಂದೊಂದು ಬಿಲ್ಲೆಯೂ ಎಣಿಸುವಷ್ಟು ಸ್ಪಷ್ಟ. ಮೀಸೆಯ ಮೇಲೆ ನಾಲ್ಕು ನೀರ ಹನಿ. ನೋಡಿದ ಕೂಡಲೇ ಅಬ್ಬಾ ಅನ್ನಿಸುತ್ತದೆ, ಅನ್ನಿಸಬೇಕಾದ್ದೇ. ಆಮೇಲೆ ಒಂದೆರಡು ಸಣ್ಣ ಪ್ರಶ್ನೆ ಕೇಳಿ ನೋಡಿ. ಈ ಹುಳು ಎಷ್ಟು ದೊಡ್ಡದು? ಅಕ್ಕಿಕಾಳಿನಷ್ಟೋ ಹೆಬ್ಬೆರಳಿನಷ್ಟೋ? ಯಾವ ಗಿಡದ ಮೇಲಿತ್ತು? ಅಲ್ಲಿ ಏನು ಮಾಡುತ್ತಿತ್ತು? ಚಿತ್ರ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅದು ಕಳಸದ್ದೂ ಆಗಬಹುದು, ಕಾಂಬೋಡಿಯಾದ್ದೂ ಆಗಬಹುದು.

ಹೀಗೇಕಾಯಿತು ಎಂಬುದಕ್ಕೆ ಮೊದಲ ಕಾರಣ ಉಪಕರಣದಲ್ಲೇ ಇದೆ. ಮ್ಯಾಕ್ರೊ ಎಂಬ ಮಾತಿನ ಸರಿಯಾದ ಅರ್ಥ ಇಷ್ಟು: ವಸ್ತು ಎಷ್ಟಿದೆಯೋ ಅದರ ಬಿಂಬವೂ ಫಿಲ್ಮಿನ ಮೇಲೆ, ಈಗಾದರೆ ಸೆನ್ಸರಿನ ಮೇಲೆ, ಅಷ್ಟೇ ದೊಡ್ಡದಾಗಿ ಬೀಳಬೇಕು. ಒಂದಕ್ಕೆ ಒಂದು. ಈ ಪ್ರಮಾಣದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಸಿಗುವ ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಇನ್ನೂ ಕಿರಿದು ಮಾಡೋಣವೆಂದರೆ ಬೆಳಕು ಆ ಸಣ್ಣ ಕಿಂಡಿಯ ಅಂಚಿನಲ್ಲಿ ಚದುರಿ ಚಿತ್ರವೇ ಮಂಕಾಗುತ್ತದೆ. ಇಷ್ಟು ಕಿರಿದಾದ ಕಿಂಡಿಗೆ ನಮ್ಮ ತೋಟದ ನೆರಳಿನ ಬೆಳಕು ಸಾಲದು. ಫ್ಲ್ಯಾಷ್ ಬೇಕೇ ಬೇಕು. ಫ್ಲ್ಯಾಷಿನ ಬೆಳಕೋ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹುಳು ಫ್ಲ್ಯಾಷಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದು, ಹಿಂದಿನ ಎಲೆ ಒಂದು ಮೀಟರ್ ದೂರದಲ್ಲಿದ್ದರೆ, ಎಲೆಗೆ ಸಿಗುವುದು ಹುಳುವಿಗೆ ಸಿಕ್ಕ ಬೆಳಕಿನ ನೂರರಲ್ಲಿ ಒಂದು ಪಾಲು. ಹಾಗಾಗಿ ಹಗಲು ಹನ್ನೊಂದು ಗಂಟೆಯ ತೋಟ ಚಿತ್ರದಲ್ಲಿ ಅಮಾವಾಸ್ಯೆಯ ರಾತ್ರಿಯಾಗುತ್ತದೆ. ಅಂದರೆ ಆ ಕಪ್ಪು ಬಹಳ ಸಲ ಛಾಯಾಗ್ರಾಹಕ ಆರಿಸಿಕೊಂಡಿದ್ದಲ್ಲ, ತಾನಾಗಿ ಬಂದದ್ದು. ಬಂದದ್ದನ್ನೇ ಶೈಲಿ ಎಂದು ಕರೆದುಕೊಂಡಿದ್ದೇವೆ.

ಎರಡನೆಯ ಕಾರಣ ಸ್ಪರ್ಧೆಗಳದ್ದು. ನಿಸರ್ಗ ಛಾಯಾಚಿತ್ರಣ ಕರ್ನಾಟಕದಲ್ಲಿ ಬೆಳೆದದ್ದೇ ಸಲೋನ್‌ಗಳ ನೆರಳಿನಲ್ಲಿ. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಅಲ್ಲಿ ಬೆಂಗಳೂರಿಗೆ ದೊಡ್ಡ ಹೆಸರು ತಂದರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಈ ಮೂರೂ ಸೇರಿ 2014ರಲ್ಲಿ ನಿಸರ್ಗ ಚಿತ್ರಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು, ಸಾಕುಪ್ರಾಣಿ ಇರಬಾರದು, ಬೇಸಾಯದ ಗಿಡ ಕೂಡದು. ನಿಯಮಕ್ಕೆ ತಕ್ಕ ಕಾರಣವಿದೆ. ಕುಂಡದ ಹೂವನ್ನು ಕಾಡಿನ ಹೂವೆಂದು, ಕಟ್ಟಿಹಾಕಿದ ಪ್ರಾಣಿಯನ್ನು ವನ್ಯಪ್ರಾಣಿಯೆಂದು ತೋರಿಸುವ ಮೋಸ ತಡೆಯಬೇಕಲ್ಲ. ಮನುಷ್ಯ ಬದಲಾಯಿಸಿದ ನೆಲಕ್ಕೆ ಒಗ್ಗಿಕೊಂಡ ಕಣಜದ ಗೂಬೆ, ಕೊಕ್ಕರೆಗಳಂಥ ಜೀವಿಗಳ ಕಥೆ ಹೇಳುವಾಗ ಮನುಷ್ಯನ ಗುರುತಿಗೆ ವಿನಾಯಿತಿಯೂ ಇದೆ.

ಆದರೆ ಈ ನಿಯಮವನ್ನು ತಂದು ಕಾಫಿ ಬೆಟ್ಟದ ಮೇಲೆ ಇಟ್ಟರೆ ಏನಾಗುತ್ತದೆ ನೋಡಿ. ನಮ್ಮದು ಪೂರ್ತಿ ಕಾಡೂ ಅಲ್ಲ, ಬಯಲ ಹೊಲವೂ ಅಲ್ಲ. ಮೇಲೆ ಹಳೆಯ ಕಾಡುಮರ, ಸಿಲ್ವರ್ ಓಕ್, ಹಾಲವಾಣ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಇಲ್ಲಿನ ಅರ್ಧ ಕೀಟಪ್ರಪಂಚ ಬೇಸಾಯದ ಗಿಡದ ಮೇಲೆಯೇ ಬದುಕುವುದು. ಗಿಡ ಕಾಣಿಸಿದರೆ ಚಿತ್ರ ತಳ್ಳಿಹೋದೀತು ಎಂಬ ಅಳುಕಿದ್ದವನು ಏನು ಮಾಡುತ್ತಾನೆ? ಗಿಡವನ್ನೇ ಚೌಕಟ್ಟಿನಿಂದ ಹೊರಗಿಡುತ್ತಾನೆ. ಫ್ಲ್ಯಾಷ್ ಅರ್ಧ ಕೆಲಸ ಮಾಡಿತ್ತು, ಉಳಿದರ್ಧವನ್ನು ಪದಕದ ಆಸೆ ಮಾಡುತ್ತದೆ. ಕೊನೆಗೆ ಕಾಫಿ ನಾಡಿನ ಕೀಟಚಿತ್ರಗಳಲ್ಲಿ ಕಾಫಿಯೇ ಇಲ್ಲ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಒಂದು ಹುಳುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪುಸ್ತಕದಲ್ಲಿ ಬಿಳಿ ಕಾಂಡಕೊರಕ ಎಂದು ಬರೆಯುತ್ತಾರೆ, ತೋಟದಲ್ಲಿ ಎಲ್ಲರೂ ಬೋರರ್ ಎನ್ನುತ್ತಾರೆ. ಅರೇಬಿಕಾ ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ನೋಡಲು ಮಾತ್ರ ಚೆಲುವ: ನೀಳ ದೇಹ, ಕಪ್ಪು ರೆಕ್ಕೆಯ ಮೇಲೆ ಬಿಳಿಯ ಪಟ್ಟಿ. ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹೊರಬಂದು, ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಹೊಕ್ಕು ತಿಂಗಳುಗಟ್ಟಲೆ ಕಾಂಡವನ್ನು ಕೊರೆಯುತ್ತದೆ. ಕೊರೆದ ದಾರಿಯನ್ನು ತನ್ನ ಹಿಕ್ಕೆಯ ಪುಡಿಯಿಂದಲೇ ಬಿಗಿಯಾಗಿ ತುಂಬುತ್ತಾ ಹೋಗುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆದ್ದ ಒಂದು ಏಣು, ಹಳದಿಗೆ ತಿರುಗಿದ ಎಲೆ, ಅಷ್ಟೇ. ಅಷ್ಟನ್ನು ಕಂಡು ಹಿಡಿದು, ಹುಳು ಹಾರುವ ಮೊದಲು ಗಿಡ ಕಿತ್ತು ಸುಡದಿದ್ದರೆ ಪಕ್ಕದ ಸಾಲೂ ಹೋಯಿತು. ಹಿಂದೆ ಕಾಂಡಕ್ಕೆ ಲಿಂಡೇನ್ ಬಳಿಯುತ್ತಿದ್ದರು. ಆ ವಿಷದ ಬಳಕೆ 2013ರಿಂದ ನಮ್ಮ ದೇಶದಲ್ಲಿ ನಿಷಿದ್ಧ. ನಿಷೇಧ ಸರಿಯಾದದ್ದೇ, ಆದರೆ ಅಂದಿನಿಂದ ಕಣ್ಣಿನ ಕೆಲಸ ಇನ್ನಷ್ಟು ಹೆಚ್ಚಿತು.

ನನ್ನ ಗೆಳೆಯರೊಬ್ಬರು ಈ ಬೋರರ್‌ನ ಮುಖವನ್ನು ಬಹಳ ಚೆನ್ನಾಗಿ ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ, ಮನೆಯ ಜಗುಲಿಯಲ್ಲಿ ತೂಗುಹಾಕಿದ್ದರು. ಇಪ್ಪತ್ತು ವರ್ಷದಿಂದ ತೋಟದಲ್ಲಿ ಬೋರರ್ ಗಿಡ ಹುಡುಕುವ ಹೆಂಗಸೊಬ್ಬಳು ಅದನ್ನು ನೋಡಿ, "ಇದ್ಯಾವ ದೇಶದ ಹುಳ, ಅಯ್ಯಾ?" ಎಂದಳು. ಅವರು ನಗುತ್ತಾ ಹೇಳಿದರು. ಆಕೆ ನಂಬಲಿಲ್ಲ. ಅದೇ ಗೆಳೆಯರ ಮೊಬೈಲಿನಲ್ಲಿ ಸುಮ್ಮನೆ ತೆಗೆದಿಟ್ಟ ಇನ್ನೊಂದು ಚಿತ್ರವಿತ್ತು: ಏಣು ಎದ್ದ ಒಂದು ಕಾಂಡ, ಪಕ್ಕದಲ್ಲಿ ಯಾರದೋ ಹೆಬ್ಬೆರಳು. ಅದನ್ನು ತೋರಿಸಿದ್ದೇ ತಡ, "ಒಳಗೆ ಹುಳ ಇನ್ನೂ ಇದೆ, ಹಾರಿ ಹೋಗಿಲ್ಲ. ಹೋಗಿದ್ರೆ ತೂತು ಕಾಣ್ತಿತ್ತು" ಅಂದಳು. ಗೋಡೆಯ ಮೇಲಿನ ಚಿತ್ರದಲ್ಲಿ ಇಪ್ಪತ್ತು ವರ್ಷದ ಅನುಭವಕ್ಕೆ ಹಿಡಿದುಕೊಳ್ಳಲು ಒಂದು ಹಿಡಿಯೂ ಇರಲಿಲ್ಲ. ಮೊಬೈಲಿನ ಮಬ್ಬು ಚಿತ್ರದಲ್ಲಿ ಅವಳ ವಿದ್ಯೆಯೆಲ್ಲ ಇತ್ತು. ಎರಡರಲ್ಲಿ ಒಳ್ಳೆಯ ಚಿತ್ರ ಯಾವುದು ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ಕಾಯಿಕೊರಕದ ಕಥೆ ಇನ್ನೊಂದು ಬಗೆಯದು. ಭಾರತದಲ್ಲಿ ಇದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನ ಕಡೆ. ಹೆಣ್ಣು ಹುಳುವೇ ಒಂದೂವರೆ ಮಿಲಿಮೀಟರಿನಷ್ಟು. ಸಾಸಿವೆ ಕಾಳಿಗೆ ಕಾಲು ಬಂದಂತೆ. ಕಾಯಿಯ ಹೊಕ್ಕುಳಲ್ಲಿ ಸೂಜಿ ಚುಚ್ಚಿದಂಥ ತೂತು ಮಾಡಿ ಒಳಗೆ ಸಂಸಾರ ಹೂಡುತ್ತದೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಕಾಯಿಗಳಲ್ಲೇ ಕೂತು ಮುಂದಿನ ಬೆಳೆಗೆ ಕಾಯುತ್ತದೆ. ಮ್ಯಾಕ್ರೊ ಲೆನ್ಸಿನ ಒಂದಕ್ಕೆ ಒಂದು ಪ್ರಮಾಣದಲ್ಲಿ 36 ಮಿಲಿಮೀಟರ್ ಅಗಲದ ಸೆನ್ಸರಿನ ಮೇಲೆ ಇದು ತುಂಬುವುದು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಐದು ಪಟ್ಟು ಹಿಗ್ಗಿಸಿದರೂ ಐದನೆಯ ಒಂದು ಭಾಗ. ನಮ್ಮ ಹವ್ಯಾಸಿಗಳು ಇದನ್ನು ತೆಗೆಯುವುದು ಅಪರೂಪ, ತೆಗೆದರೂ ಹುಳುವನ್ನು ಬಿಡಿಸಿ ಬಿಳಿ ಕಾಗದದ ಮೇಲಿಟ್ಟು ತೆಗೆಯುತ್ತಾರೆ. ಬೆಳೆಗಾರನಿಗೆ ಬೇಕಾದದ್ದು ಹುಳುವಿನ ಮುಖವಲ್ಲ, ಕಾಯಿಯ ಹೊಕ್ಕುಳಿನ ತೂತು. ಅದಕ್ಕೆ ಐದು ಪಟ್ಟು ಬೇಡ. ಕಾಯಿ ಪೂರ್ತಿ ಕಂಡರೇ ತೂತು ಎಲ್ಲಿದೆ ಎಂದು ಗೊತ್ತಾಗುವುದು. ಹೆಚ್ಚು ಹಿಗ್ಗಿಸಿದಷ್ಟೂ ಹೆಚ್ಚು ಕಂಡಂತೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಈ ನಂಬಿಕೆಯೇ ಉಪಕರಣದ ಹುಚ್ಚಿಗೂ ಮೂಲ. ಇಬ್ಬರು ಹವ್ಯಾಸಿಗಳು ಸೇರಿದರೆ ಮೊದಲ ಮಾತು ಲೆನ್ಸು ಯಾವುದು ಎಂದು. ದುಡ್ಡಿದ್ದವರು ಕೊಳ್ಳಲಿ, ಬೇಡವೆನ್ನುವವನು ನಾನಲ್ಲ. 100 ಮಿಲಿಮೀಟರಿನ ಮ್ಯಾಕ್ರೊ ಲೆನ್ಸು ಹುಳುವಿನಿಂದ ಸ್ವಲ್ಪ ದೂರ ನಿಲ್ಲಲು ಅವಕಾಶ ಕೊಡುತ್ತದೆ, ಹುಳು ಹೆದರುವುದಿಲ್ಲ. ಆದರೆ ಹಳೆಯ 50 ಮಿಲಿಮೀಟರ್ ಲೆನ್ಸಿನ ಹಿಂದೆ ಅಷ್ಟೇ ಉದ್ದದ ಪೊಳ್ಳು ಕೊಳವೆ ಸೇರಿಸಿದರೂ ಒಂದಕ್ಕೆ ಒಂದು ಸಿಗುತ್ತದೆ. ಅದೇ ಲೆನ್ಸನ್ನು ತಿರುಗಿಸಿ 200 ಮಿಲಿಮೀಟರ್ ಲೆನ್ಸಿನ ಮುಂದೆ ಕೂರಿಸಿದರೆ ನಾಲ್ಕು ಪಟ್ಟು. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಪೂರ್ತಿ ಸ್ಪಷ್ಟ ಮಾಡುವ ವಿಧಾನ ಈಗ ಕಂಪ್ಯೂಟರಿನಲ್ಲಿ ಸುಲಭ. ಆದರೆ ಅದಕ್ಕೆ ಹುಳು ಅಲುಗಾಡಬಾರದು. ಅಲುಗಾಡದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡುವವರೂ ಇದ್ದಾರೆ, ಮೇಲೆ ನೀರು ಚಿಮುಕಿಸಿ ಇಬ್ಬನಿ ಎನ್ನುವವರೂ ಇದ್ದಾರೆ. ಮನುಷ್ಯನ ಗುರುತು ಕೂಡದೆಂಬ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಮನುಷ್ಯನ ಗುರುತು ಯಾವುದಿದೆ?

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ, ಬರೆಯುತ್ತಾ, ಹಕ್ಕಿಗಳ ಚಿತ್ರ ತೆಗೆಯುತ್ತಾ ಬಾಳಿದ ಪೂರ್ಣಚಂದ್ರ ತೇಜಸ್ವಿಯವರನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಅವರ 'ಕರ್ವಾಲೊ' ಕಾದಂಬರಿ ಬಂದದ್ದು 1980ರಲ್ಲಿ. ಅದರಲ್ಲಿ ದೊಡ್ಡ ವಿಜ್ಞಾನಿ ಕರ್ವಾಲೊ ನೆಚ್ಚಿಕೊಳ್ಳುವುದು ಹಳ್ಳಿಯ ಮಂದಣ್ಣನ ಕಣ್ಣನ್ನು. ಹಾರುವ ಓತಿಯನ್ನು ಹುಡುಕಿಕೊಂಡು ಹೋದವರ ಕೈಗೆ ಕೊನೆಗೂ ಅದು ಸಿಕ್ಕುವುದಿಲ್ಲ, ಕಣಿವೆಯ ಕಡೆ ತೇಲಿ ಹೋಗುತ್ತದೆ. ನಮ್ಮ ಎಷ್ಟೋ ಹವ್ಯಾಸಿಗಳ ಕಪಾಟಿನಲ್ಲಿ ಆ ಪುಸ್ತಕವಿದೆ. ಓತಿ ಇರುವ ಕಾಡು, ಕಾಡನ್ನು ಬಲ್ಲ ಜನ, ಆ ಜನರ ಹಗರಣಗಳು ಇವನ್ನೆಲ್ಲ ಕತ್ತರಿಸಿ ಓತಿಯೊಂದನ್ನೇ ಕಪ್ಪು ಹಿನ್ನೆಲೆಯಲ್ಲಿ ಇಟ್ಟಿದ್ದರೆ ಆ ಕಾದಂಬರಿ ಏನಾಗುತ್ತಿತ್ತೆಂದು ಅವರೇ ಯೋಚಿಸಲಿ.

ಕಪ್ಪು ಹಿನ್ನೆಲೆ ಪಾಪವೇನಲ್ಲ. ರೆಕ್ಕೆಯ ಪಾರದರ್ಶಕ ನರಗಳನ್ನು ತೋರಿಸಲು, ಜೇಡನ ನೂಲನ್ನು ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಬೇಕೆಂದು ಆರಿಸಿಕೊಂಡರೆ ಸರಿ. ಬೇಡವಾದಾಗ ತಪ್ಪಿಸುವುದೂ ಕಷ್ಟವಲ್ಲ. ಫ್ಲ್ಯಾಷಿನ ಶಕ್ತಿ ತಗ್ಗಿಸಿ, ಮುಂದೆ ತೆಳು ಬಿಳಿ ಹಾಳೆಯೊಂದನ್ನು ಕಟ್ಟಿ, ಐಎಸ್‌ಒ 800ಕ್ಕೋ 1600ಕ್ಕೋ ಏರಿಸಿ, ಷಟರ್ ವೇಗವನ್ನು ಸೆಕೆಂಡಿನ ಅರವತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ತೋಟದ ಬೆಳಕೂ ಚಿತ್ರದೊಳಗೆ ಬರುತ್ತದೆ. ಇಲ್ಲವೆ ಹುಳುವಿನ ಬೆನ್ನಿಗೇ ಎಲೆಯೋ ಕಾಂಡವೋ ಇರುವ ಹಾಗೆ ಕೋನ ಬದಲಿಸಿದರೆ ಸಾಕು. ಮಳೆಗಾಲದ ಮೂರು ತಿಂಗಳು ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನಮ್ಮ ಕಡೆಯ ಬೂಷ್ಟು ಗಾಜನ್ನೂ ಬಿಡುವುದಿಲ್ಲ.

ಕೊನೆಗೆ ಒಂದು ಸಲಹೆ. ಒಂದು ಹುಳುವಿಗೆ ಮೂರು ಚಿತ್ರ ತೆಗೆಯಿರಿ. ಒಂದು, ಗಿಡ ನಿಂತ ಜಾಗ. ಎರಡು, ಗಿಡದ ಮೇಲೆ ಹುಳು, ಪಕ್ಕದಲ್ಲಿ ಕಾಫಿ ಬೀಜವೋ ಬೆರಳೋ. ಮೂರನೆಯದು ನಿಮ್ಮ ಆಸೆಯ ಮುಖಚಿತ್ರ. ಮೂರಕ್ಕೂ ತಿಂಗಳು ಬರೆಯಿರಿ. ಮೂರನೆಯದು ಸ್ಪರ್ಧೆಗೆ ಹೋಗಲಿ, ಪದಕವೂ ಬರಲಿ. ಮೊದಲೆರಡು ತೋಟದಲ್ಲೇ ಉಳಿಯಲಿ, ಬೋರರ್ ಹುಡುಕುವವರ ಕೈಗೆ ಹೋಗಲಿ. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಹೂವಿನ ಮೇಲೆ ತುಡುವೆ ಬರುವುದರಿಂದ ಹಿಡಿದು, ಕೊಯ್ಲು ಮುಗಿದು ನೆಲದಲ್ಲಿ ಉಳಿದ ಕಾಯಿಯ ತೂತಿನವರೆಗೆ ಒಂದೇ ಗಿಡದ ಒಂದು ವರ್ಷದ ಚಿತ್ರ ಯಾರಾದರೂ ತೆಗೆದರೆ, ಅದನ್ನು ನೋಡಲು ನಾನು ಕಳಸದಿಂದ ಚಿಕ್ಕಮಗಳೂರಿನವರೆಗೆ ಯಾವ ಬಸ್ಸಾದರೂ ಹತ್ತಿ ಬರುತ್ತೇನೆ.