ಕೈ ಅಲುಗದವರ ಕೈಗಡಿಯಾರ

ಆಟೊಮ್ಯಾಟಿಕ್ ವಾಚು ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಪವರ್ ರಿಸರ್ವ್ ಅಂಕಿಯನ್ನು. ಕಳಚಿಟ್ಟ ಮೇಲೆ ಇದು 40 ಗಂಟೆ ಓಡುತ್ತದೆ, ಅದು 70 ಗಂಟೆ, ಇನ್ನೊಂದು 80 ಗಂಟೆ. ಆ ಅಂಕಿಗಳು ಸುಳ್ಳಲ್ಲ. ಆದರೆ ದಿನವಿಡೀ ಮೇಜಿನ ಮುಂದೆ ಕೂತು ಕೀಬೋರ್ಡ್ ಒತ್ತುವವರ ವಾಚು ರಾತ್ರಿ ಕಳಚಿಟ್ಟ ಕೆಲವೇ ಗಂಟೆಗಳಲ್ಲಿ ನಿಂತುಹೋಗುವುದೇಕೆ ಎಂಬ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಪವರ್ ರಿಸರ್ವ್ ಎಂಬುದು ಸ್ಪ್ರಿಂಗ್ ಪೂರ್ತಿ ಬಿಗಿಯಾಗಿದ್ದರೆ ಎಷ್ಟು ಹೊತ್ತು ಓಡೀತು ಎಂಬ ಲೆಕ್ಕ. ಅದು ಪೂರ್ತಿ ಬಿಗಿಯಾಗುತ್ತದೆಯೇ ಎಂಬುದು ಬೇರೆಯದೇ ಲೆಕ್ಕ. ತಾನೇ ಕೀ ಕೊಟ್ಟುಕೊಳ್ಳುವ ವ್ಯವಸ್ಥೆಯನ್ನು ಸುಧಾರಿಸಬೇಕೆಂದು ಹೊರಟವರು ಗಮನ ಕೊಡಬೇಕಾದದ್ದು ಈ ಎರಡನೆಯದಕ್ಕೆ, ಅದರಲ್ಲೂ ಕೈಯ ಸಣ್ಣಪುಟ್ಟ ಅಲುಗಾಟಗಳು ಎಲ್ಲಿ ಸೋರಿಹೋಗುತ್ತವೆ ಎಂಬುದಕ್ಕೆ, ಎಂದು ನಾನು ವಾದಿಸುತ್ತೇನೆ. ಹಾಗೆ ನೋಡಿದಾಗ, ಅಗ್ಗದ್ದೆಂದು ಮೂಗು ಮುರಿಯುವ ಒಂದೇ ದಿಕ್ಕಿನ ರೋಟರ್‌ಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದೂ ಕಾಣುತ್ತದೆ.

ಮೊದಲು ಶಕ್ತಿಯ ಲೆಕ್ಕ. ರೋಟರ್ ಅಂದರೆ ಯಂತ್ರದ ಹಿಂಬದಿಯಲ್ಲಿ, ನಡುವಿನ ಅಚ್ಚಿನ ಸುತ್ತ ತಿರುಗುವ ಅರ್ಧಚಂದ್ರಾಕಾರದ ಲೋಹದ ತುಂಡು. ಉದಾಹರಣೆಗೆ ಅದು 5 ಗ್ರಾಂ ತೂಗುತ್ತದೆ, ಅದರ ಭಾರದ ಕೇಂದ್ರ ಅಚ್ಚಿನಿಂದ 7 ಮಿಲಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ವಾಚನ್ನು ನೆಟ್ಟಗೆ ಹಿಡಿದಾಗ ರೋಟರ್ ತುತ್ತತುದಿಯಿಂದ ತಳಕ್ಕೆ ಬಿದ್ದರೆ ಅದರ ಭಾರ ಇಳಿಯುವುದು 14 ಮಿಲಿಮೀಟರ್. ಅದರಿಂದ ಸಿಗುವ ಶಕ್ತಿ ಸುಮಾರು 0.7 ಮಿಲಿಜೂಲ್. ಪೂರ್ತಿ ಬಿಗಿದ ಮೇನ್‌ಸ್ಪ್ರಿಂಗ್‌ನಲ್ಲಿ 0.35 ಜೂಲ್ ಶಕ್ತಿ ಇರುತ್ತದೆಂದರೆ, ಎಳ್ಳಷ್ಟೂ ನಷ್ಟವಿಲ್ಲದಿದ್ದರೂ ಅಂಥ ಐನೂರು ಬೀಳುವಿಕೆಗಳು ಬೇಕು. ನಷ್ಟವಂತೂ ಇದ್ದೇ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಾಚು ಯಾವ ಭಂಗಿಯಲ್ಲಿದೆ ಎಂಬುದು. ಕೀಬೋರ್ಡ್ ಮೇಲೆ ಕೈಯಿಟ್ಟಾಗ ಡಯಲ್ ಹೆಚ್ಚುಕಮ್ಮಿ ಆಕಾಶಕ್ಕೆ ಮುಖ ಮಾಡಿರುತ್ತದೆ. ರೋಟರ್ ಆಗ ತಟ್ಟೆಯಂತೆ ಅಡ್ಡಲಾಗಿ ಮಲಗಿರುತ್ತದೆ. ಯಾವ ಕಡೆ ತಿರುಗಿದರೂ ಕೆಳಕ್ಕೆ ಬೀಳಲು ಅದಕ್ಕೆ ಜಾಗವಿಲ್ಲ. ಮಣಿಕಟ್ಟು 10 ಡಿಗ್ರಿ ಓರೆಯಾದರೆ ರೋಟರ್ ತಿರುಗಿಸಲು ಒದಗುವುದು ಅದರ ಭಾರದ ಶೇಕಡಾ 17 ಮಾತ್ರ. ಸ್ಪ್ರಿಂಗ್ ಬಿಗಿಯಾದಷ್ಟೂ ಅದರ ಎದುರೊತ್ತಡ ಹೆಚ್ಚುತ್ತದೆ, ಗಾಲಿಗಳ ಘರ್ಷಣೆಯೂ ಜೊತೆ ಸೇರುತ್ತದೆ, ಇಷ್ಟು ಕ್ಷೀಣವಾದ ಬಲಕ್ಕೆ ರೋಟರ್ ಜಗ್ಗುವುದೇ ಇಲ್ಲ. ನಡೆಯುವವರ ಕೈ ಬೀಸುತ್ತದೆ, ಡಯಲ್ ಓರೆಯಾಗಿ ತೂಗುತ್ತದೆ, ಅಲ್ಲಿ ಕಷ್ಟವಿಲ್ಲ. ಕೂತವರ ಕೈಯಲ್ಲಿ ಅಲುಗಾಟವೂ ಕಡಿಮೆ, ಆ ಅಲುಗಾಟಕ್ಕೆ ಸಿಗುವ ಭಾರವೂ ಕಡಿಮೆ.

ಈ ವ್ಯವಸ್ಥೆ ಹುಟ್ಟಿದ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಲೆ ಲೋಕ್ಲ್ ಊರಿನ ಅಬ್ರಹಾಂ ಲೂಯಿ ಪೆರ್ಲೆ 1770ರ ದಶಕದಲ್ಲಿ ಮಾಡಿದ ಜೇಬುಗಡಿಯಾರದ ಬಗ್ಗೆ 1777ರಲ್ಲಿ ಜಿನೀವಾದ ಕಲಾಸಂಘಕ್ಕೆ ಬಂದ ವರದಿ, ಹದಿನೈದು ನಿಮಿಷ ನಡೆದರೆ ಎಂಟು ದಿನಕ್ಕೆ ಸಾಲುವಷ್ಟು ಕೀ ಆಗುತ್ತದೆ ಎಂದಿತ್ತು. ಅಳತೆಗೋಲು ನಡಿಗೆಯೇ ಆಗಿತ್ತು ಎಂಬುದನ್ನು ಗಮನಿಸಬೇಕು. ಕೈಗಡಿಯಾರಕ್ಕೆ ಇದನ್ನು ತಂದವರು ಇಂಗ್ಲೆಂಡಿನ ಜಾನ್ ಹಾರ್‌ವುಡ್, 1920ರ ದಶಕದಲ್ಲಿ. ಕೀ ಕೊಡುವ ಗುಂಡಿಯ ಸಂದಿಯಿಂದ ಧೂಳು, ತೇವ ಒಳಗೆ ಹೋಗುತ್ತದೆಂದು ಅವರು ಆ ಗುಂಡಿಯನ್ನೇ ತೆಗೆದುಹಾಕಿದರು. ಅವರ ಭಾರದ ತುಂಡು ಪೂರ್ತಿ ಸುತ್ತುತ್ತಿರಲಿಲ್ಲ, ಎರಡು ಬದಿಯ ಸ್ಪ್ರಿಂಗ್‌ಗಳಿಗೆ ಢಿಕ್ಕಿ ಹೊಡೆದು ಹಿಂದಿರುಗುತ್ತಿತ್ತು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತುವ ರೋಟರ್ ತಂದಿತು. ಅದು ಕೀ ಕೊಡುತ್ತಿದ್ದದ್ದು ಒಂದು ದಿಕ್ಕಿನಲ್ಲಿ ತಿರುಗಿದಾಗ ಮಾತ್ರ. 1942ರಲ್ಲಿ ಫೆಲ್ಸಾ ಕಂಪನಿಯ ಬೈಡೈನೇಟರ್ ಎರಡೂ ದಿಕ್ಕಿನ ತಿರುಗುವಿಕೆಯನ್ನು ಬಳಸಿಕೊಂಡಿತು, 1948ರಲ್ಲಿ ಎಟರ್ನಾ ರೋಟರ್‌ಗೆ ಐದು ಗುಂಡುಗಳ ಬಾಲ್ ಬೇರಿಂಗ್ ಹಾಕಿತು, 1950ರಲ್ಲಿ ರೋಲೆಕ್ಸ್ ಕೂಡ ಎರಡು ದಿಕ್ಕಿಗೆ ಹೊರಳಿತು. ಒಂದು ದಿಕ್ಕಿನದು ಹಳೆಯದು, ಎರಡು ದಿಕ್ಕಿನದು ಮುಂದುವರಿದದ್ದು ಎಂಬ ಎಣಿಕೆ ಅಲ್ಲಿಂದ ಗಟ್ಟಿಯಾಯಿತು. ಇವತ್ತಿಗೂ ಬಹುಪಾಲು ಬರಹಗಳು ಅದನ್ನೇ ಹೇಳುತ್ತವೆ.

ಆ ಎಣಿಕೆಯಲ್ಲಿ ಒಂದು ಮುಖ್ಯ ಖರ್ಚು ಲೆಕ್ಕಕ್ಕೆ ಬಂದಿಲ್ಲ. ರೋಟರ್ ದಿಕ್ಕು ಬದಲಿಸಿದಾಗಲೆಲ್ಲ ಹಲ್ಲುಗಾಲಿಗಳ ನಡುವಿನ ಸಡಿಲ ಮುಗಿಯಬೇಕು, ಒಂದು ಕೊಕ್ಕೆ ಬಿಟ್ಟು ಇನ್ನೊಂದು ಕೊಕ್ಕೆ ಹಲ್ಲಿಗೆ ಕಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ರೋಟರ್ ತಿರುಗಿದರೂ ಸ್ಪ್ರಿಂಗ್‌ಗೆ ಏನೂ ತಲುಪುವುದಿಲ್ಲ. ಇದನ್ನು ಖಾಲಿ ತಿರುವು ಎನ್ನೋಣ. ಎರಡು ದಿಕ್ಕಿನ ವ್ಯವಸ್ಥೆಯಲ್ಲಿ ದಿಕ್ಕು ತಿದ್ದುವ ಗಾಲಿಗಳು ಹೆಚ್ಚು, ಕೊಕ್ಕೆಗಳು ಹೆಚ್ಚು, ಹಾಗಾಗಿ ಖಾಲಿ ತಿರುವೂ ಸಾಮಾನ್ಯವಾಗಿ ಹೆಚ್ಚು. ಲೆಕ್ಕಕ್ಕಾಗಿ ಅದು 30 ಡಿಗ್ರಿ, ಒಂದು ದಿಕ್ಕಿನದರಲ್ಲಿ 10 ಡಿಗ್ರಿ ಎಂದುಕೊಳ್ಳಿ. ಕೈ ಬೀಸಿ ನಡೆಯುವಾಗ ರೋಟರ್ ಅತ್ತ 120 ಡಿಗ್ರಿ, ಇತ್ತ 120 ಡಿಗ್ರಿ ತೂಗುತ್ತದೆ: ಎರಡು ದಿಕ್ಕಿನ ಯಂತ್ರಕ್ಕೆ ಪ್ರತಿ ಸಲವೂ 90ರಂತೆ ಒಟ್ಟು 180 ಡಿಗ್ರಿ ಲಾಭ, ಒಂದು ದಿಕ್ಕಿನದಕ್ಕೆ 110. ಇಲ್ಲಿ ಎರಡು ದಿಕ್ಕಿನದೇ ಮೇಲು, ಸಂದೇಹವಿಲ್ಲ. ಈಗ ಮೇಜಿನ ಮುಂದೆ ಕೂರಿಸಿ. ತೂಗಾಟ ಅತ್ತಿತ್ತ 40 ಡಿಗ್ರಿಗೆ ಇಳಿಯುತ್ತದೆ. ಎರಡು ದಿಕ್ಕಿನದಕ್ಕೆ 10ರಂತೆ ಎರಡು ಸಲ, ಒಟ್ಟು 20. ಒಂದು ದಿಕ್ಕಿನದಕ್ಕೆ 30. ತೂಗಾಟ 30ಕ್ಕಿಂತ ಕೆಳಗಿಳಿದರೆ ಎರಡು ದಿಕ್ಕಿನ ಯಂತ್ರಕ್ಕೆ ಏನೇನೂ ದಕ್ಕುವುದಿಲ್ಲ, ಒಂದು ದಿಕ್ಕಿನದು ಆಗಲೂ ಅಷ್ಟಿಷ್ಟು ಕೂಡಿಸುತ್ತಿರುತ್ತದೆ. ಎರಡೂ ಸಮವಾಗುವುದು 50 ಡಿಗ್ರಿಯಲ್ಲಿ. ಯಂತ್ರದಿಂದ ಯಂತ್ರಕ್ಕೆ ಈ ಡಿಗ್ರಿಗಳು ಬದಲಾಗುತ್ತವೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಒಂದು ದಿಕ್ಕಿನ ರೋಟರ್ ಎಂದರೆ ಖರ್ಚು ಉಳಿಸುವ ಉಪಾಯ ತಾನೇ ಎಂದು ಕೇಳುವವರಿದ್ದಾರೆ. ಭಾಗಗಳು ಕಡಿಮೆಯಾದ್ದರಿಂದ ಖರ್ಚೂ ಕಡಿಮೆ, ನಿಜ. ಜಪಾನಿನ ಸಿಟಿಜನ್ ಬಳಗದ ಮಿಯೋಟಾ 8215 ಯಂತ್ರ ಜಗತ್ತಿನ ಅಗ್ಗದ ವಾಚುಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ, ಅದು ಒಂದೇ ದಿಕ್ಕಿನದು. ಆದರೆ 1977ರಲ್ಲಿ ಬಂದ ಪಾಟೆಕ್ ಫಿಲಿಪ್‌ನ 240 ಎಂಬ ಪುಟಾಣಿ ರೋಟರಿನ ಯಂತ್ರವೂ ಒಂದೇ ದಿಕ್ಕಿನದೇ; ಅದೇ ಮನೆತನದ 324 ಕೂಡ. ಅಲ್ಲಿ ಕಾಸು ಉಳಿಸಬೇಕಾದ ಒತ್ತಾಯ ಯಾರಿಗೂ ಇರಲಿಲ್ಲ. 1970ರ ದಶಕದ ವಾಲ್‌ಜೂ 7750 ಕ್ರೋನೊಗ್ರಾಫ್ ಯಂತ್ರವೂ ಹಾಗೆಯೇ, ಐವತ್ತು ವರ್ಷಗಳಾದ ಮೇಲೂ ಅದಕ್ಕೆ ಬೇಡಿಕೆ ಇದೆ. ಅದರ ಬಗ್ಗೆ ಇರುವ ದೂರು ಬೇರೆ: ಕೀ ಕೊಡದ ದಿಕ್ಕಿನಲ್ಲಿ ರೋಟರ್‌ಗೆ ತಡೆಯೇ ಇಲ್ಲ, ಆದ್ದರಿಂದ ಕೈ ಒಮ್ಮೆ ಜೋರಾಗಿ ಅಲುಗಿದರೆ ಅದು ಗಿರಗಿರನೆ ಸುತ್ತಿ ಮಣಿಕಟ್ಟಿನ ಮೇಲೆ ವಾಚೇ ಅದುರಿದಂತಾಗುತ್ತದೆ. ಈ ದೂರು ನ್ಯಾಯವಾದದ್ದೇ. ಸದ್ದೂ ಬರುತ್ತದೆ, ಬೇರಿಂಗ್ ಸವೆತದ ಭಯವೂ ಇದೆ. ಆದರೂ ನಿಂತುಹೋಗುವ ವಾಚಿಗಿಂತ ಅದುರುವ ವಾಚು ಮೇಲು ಎಂದೇ ನನ್ನ ಅಭಿಪ್ರಾಯ.

ಎರಡು ದಿಕ್ಕಿನ ಲಾಭ ಬಿಟ್ಟುಕೊಡದೆ ಗಾಲಿಗಳ ಗೊಂದಲ ತಪ್ಪಿಸುವ ದಾರಿಯನ್ನೂ ಇಬ್ಬರು ತೋರಿಸಿಕೊಟ್ಟಿದ್ದಾರೆ. ಐಡಬ್ಲ್ಯೂಸಿ ಕಂಪನಿಯ ಆಲ್ಬರ್ಟ್ ಪೆಲಟಾನ್ ರೂಪಿಸಿ, 1950ರಲ್ಲಿ 85 ಎಂಬ ಯಂತ್ರದಲ್ಲಿ ಬಂದ ವ್ಯವಸ್ಥೆಯಲ್ಲಿ ರೋಟರಿನ ಜೊತೆ ಹೃದಯಾಕಾರದ ಬಿಲ್ಲೆಯೊಂದು ಸುತ್ತುತ್ತದೆ. ಅದರ ಅಂಚು ಎರಡು ಉರುಳೆಗಳನ್ನು ಸರದಿಯಂತೆ ಒತ್ತಿ ಒಂದು ತೂಗುಪಟ್ಟಿಯನ್ನು ಅತ್ತಿತ್ತ ಆಡಿಸುತ್ತದೆ. ಪಟ್ಟಿಯ ಎರಡು ಕೊಕ್ಕೆಗಳಲ್ಲಿ ಒಂದು ಗಾಲಿಯನ್ನು ಎಳೆಯುವಾಗ ಇನ್ನೊಂದು ಹಲ್ಲುಗಳ ಮೇಲೆ ಜಾರುತ್ತದೆ, ಮರುಗಳಿಗೆ ಅದಲುಬದಲು. ಇದಕ್ಕಿಂತ ಸರಳವಾದದ್ದು ಸೈಕೋ ಕಂಪನಿ 1959ರಲ್ಲಿ ಗೈರೊ ಮಾರ್ವೆಲ್ ವಾಚಿನಲ್ಲಿ ತಂದ ಮ್ಯಾಜಿಕ್ ಲಿವರ್. ಹಿಂಬದಿ ಮುಚ್ಚಳ ತೆಗೆದು ರೋಟರ್ ಕಳಚಿದರೆ ಅದು ಬರಿಗಣ್ಣಿಗೇ ಕಾಣುತ್ತದೆ: ತೆಳು ತಗಡಿನ ಒಂದು ಕವೆ. ಕವೆಯ ಬುಡ, ರೋಟರ್ ತಿರುಗಿಸುವ ಭಾಗದಲ್ಲಿ ನಡು ತಪ್ಪಿಸಿ ನೆಟ್ಟ ಮೊಳೆಗೆ ಸಿಕ್ಕಿಕೊಂಡಿರುತ್ತದೆ; ಎರಡು ತೋಳುಗಳು ಸಣ್ಣ ಹಲ್ಲಿನ ಗಾಲಿಯೊಂದನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುತ್ತವೆ. ರೋಟರ್ ಯಾವ ಕಡೆ ತಿರುಗಿದರೂ ಮೊಳೆ ಕವೆಯನ್ನು ಹಿಂದೆಮುಂದೆ ಎಳೆದಾಡುತ್ತದೆ, ಒಂದು ತೋಳು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ, ಗಾಲಿ ಮಾತ್ರ ಒಂದೇ ಕಡೆ ಮುಂದುವರಿಯುತ್ತದೆ. ಸಾವಿರಾರು ರೂಪಾಯಿಯ ವಾಚಿನಿಂದ ಹಿಡಿದು ಲಕ್ಷಗಟ್ಟಲೆ ಬೆಲೆಯ ಸ್ಪ್ರಿಂಗ್ ಡ್ರೈವ್‌ವರೆಗೆ ಸೈಕೋ ಇದನ್ನು ಬಳಸಿದೆ ಎಂಬುದೇ ಇದರ ಯೋಗ್ಯತೆಗೆ ಸಾಕ್ಷಿ. ಕೊರತೆಯೂ ಉಂಟು. ಮೊಳೆ ತನ್ನ ಸುತ್ತಿನ ಎರಡು ಕೊನೆಗಳ ಬಳಿ ಇರುವಾಗ ಕವೆ ಹೆಚ್ಚುಕಮ್ಮಿ ಕದಲುವುದಿಲ್ಲ. ತೋಳಿನ ತುದಿಯ ಕೊಕ್ಕೆ ಒಂದು ಹಲ್ಲಿನಷ್ಟಾದರೂ ದಾಟದಿದ್ದರೆ ಆ ಶ್ರಮ ದಕ್ಕುವುದಿಲ್ಲ. ಹಲ್ಲು ಸಣ್ಣದಾಗಿಸುವುದು, ಸಡಿಲ ಬಿಗಿಯಾಗಿಸುವುದು, ಇಲ್ಲಿ ಸುಧಾರಣೆ ಎಂದರೆ ಇಂಥ ಸೂಕ್ಷ್ಮ ಕೆಲಸ. ಜಾಹೀರಾತಿನಲ್ಲಿ ಹಾಕಿಕೊಳ್ಳಲು ಬಾರದ ಕೆಲಸ, ಅದಕ್ಕೇ ಇದರ ಬಗ್ಗೆ ಬರೆಯಬೇಕು ಅನ್ನಿಸುತ್ತದೆ.

ದೊಡ್ಡ ಪವರ್ ರಿಸರ್ವ್ ಇದ್ದರೆ ಇದೆಲ್ಲ ತಲೆನೋವೇ ಇಲ್ಲವಲ್ಲ ಎಂಬುದು ನಾನು ಹೆಚ್ಚು ಕೇಳುವ ಆಕ್ಷೇಪ. ತಾರಸಿಯ ಮೇಲೆ ದೊಡ್ಡ ಟ್ಯಾಂಕ್ ಕೂರಿಸಿದ ಮಾತ್ರಕ್ಕೆ ಕಾರ್ಪೊರೇಷನ್ ನಲ್ಲಿಯಲ್ಲಿ ನೀರು ಹೆಚ್ಚು ಬರುವುದಿಲ್ಲ. ದಿನಕ್ಕೆ ಬರುವುದು ದಿನದ ಖರ್ಚಿಗಿಂತ ಕಡಿಮೆಯಿದ್ದರೆ, 80 ಗಂಟೆಯ ಸ್ಪ್ರಿಂಗ್ ನಾಲ್ಕು ದಿನ ತಡವಾಗಿ ಬರಿದಾದೀತು, ಅಷ್ಟೆ. ಈ ಹೊಸ ಯಂತ್ರಗಳ ನಿಜವಾದ ಗುಣ ಖರ್ಚಿನ ಕಡೆಗಿದೆ. ಇಟಿಎ 2824 ಗಂಟೆಗೆ 28,800 ಸಲ ಮಿಡಿಯುತ್ತದೆ. ಅದೇ ವಂಶದ ಪವರ್‌ಮ್ಯಾಟಿಕ್ 80 ಮಿಡಿಯುವುದು 21,600 ಸಲ. ಮಿಡಿತ ತಗ್ಗಿದರೆ ಶಕ್ತಿಯ ಬಳಕೆಯೂ ತಗ್ಗುತ್ತದೆ, ಆಗ ಮೇಜಿನ ಮುಂದೆ ಸಿಗುವ ಅಲ್ಪ ಗಳಿಕೆಯೂ ಸಾಲಬಹುದು. ಇದನ್ನು ನಾನು ಒಪ್ಪುತ್ತೇನೆ, ಸ್ವಾಗತಿಸುತ್ತೇನೆ ಕೂಡ. ರೋಟರ್ ಭಾರ ಮಾಡಿ ಎನ್ನುವವರ ಮಾತಿನಲ್ಲೂ ಹುರುಳಿದೆ. ಹಿತ್ತಾಳೆಗಿಂತ ಟಂಗ್‌ಸ್ಟನ್, ಚಿನ್ನ ಎರಡರ ಸಾಂದ್ರತೆಯೂ ದುಪ್ಪಟ್ಟಿಗಿಂತ ಹೆಚ್ಚು. ಭಾರವನ್ನು ಅಂಚಿಗೆ ಸರಿಸಿದರೆ ಸಣ್ಣ ಓರೆಗೂ ರೋಟರ್ ಮಿಸುಕುತ್ತದೆ. ಆದರೆ ಭಾರ ಹೆಚ್ಚಿದಷ್ಟೂ ವಾಚು ಕೈಜಾರಿ ಬಿದ್ದಾಗ ಅಚ್ಚಿನ ಮೇಲೆ ಬೀಳುವ ಪೆಟ್ಟೂ ಹೆಚ್ಚು, ಖಾಲಿ ತಿರುವು ಮಾತ್ರ ಇದ್ದಷ್ಟೇ ಇರುತ್ತದೆ.

ಇಷ್ಟೆಲ್ಲ ಏಕೆ, ಬೆಳಗ್ಗೆ ಗುಂಡಿ ತಿರುಗಿಸಿ ಕೀ ಕೊಟ್ಟರಾಯಿತು ಎನ್ನುವವರಿಗೆ ಎರಡು ಮಾತು. ಎಲ್ಲ ಯಂತ್ರಗಳಲ್ಲೂ ಆ ಸೌಕರ್ಯವಿಲ್ಲ. ಸೈಕೋದ 7ಎಸ್26ರಂಥ ಜನಪ್ರಿಯ ಯಂತ್ರಕ್ಕೆ ಕೈಯಿಂದ ಕೀ ಕೊಡಲಾಗದು. ಸೌಕರ್ಯವಿರುವ 2824ರಂಥ ಯಂತ್ರಗಳಲ್ಲಿ ಕೈಯಿಂದ ಕೀ ಕೊಡುವಾಗ ದಿಕ್ಕು ತಿದ್ದುವ ಗಾಲಿಗಳೂ ವೇಗವಾಗಿ ಸುತ್ತಬೇಕಾಗುತ್ತದೆ. ಅವುಗಳೊಳಗಿನ ಎಣ್ಣೆ ಒಣಗಿದ್ದರೆ ಕೊಕ್ಕೆಗಳು ಬಿಡಿಸಿಕೊಳ್ಳುವುದಿಲ್ಲ, ಗುಂಡಿ ತಿರುಗಿಸಿದರೆ ಜೊತೆಗೆ ರೋಟರೂ ಗಿರ್ರನೆ ಸುತ್ತುತ್ತದೆ. ಹಾಗೆ ಸುತ್ತಿದರೆ ಅಂದೇ ಕೀ ಕೊಡುವುದನ್ನು ನಿಲ್ಲಿಸಿ ರಿಪೇರಿಗೆ ಕೊಡಬೇಕು. ರಿಪೇರಿಯವರೂ ಅಲ್ಲಿ ದಪ್ಪ ಎಣ್ಣೆ ಬಿಡಬಾರದು. ಆ ಗಾಲಿಗಳನ್ನು ತೆಳು ದ್ರಾವಣದಲ್ಲಿ ಅದ್ದಿ ಒಣಗಿಸುವುದೇ ಸರಿಯಾದ ಕ್ರಮ. ಇನ್ನು ವಾಚ್ ವೈಂಡರ್ ಡಬ್ಬಿಗಳು. ಅವು ರೋಟರನ್ನು ಪೂರ್ತಿ ಸುತ್ತು ತಿರುಗಿಸುತ್ತವೆ, ಹಾಗಾಗಿ ತಿರುಗುವ ದಿಕ್ಕು ಹೊಂದಿದರೆ ಯಾವ ಯಂತ್ರವೂ ಅದರಲ್ಲಿ ಪಾಸಾಗುತ್ತದೆ. ಕೂತವರ ಕೈಯಲ್ಲಿ ಅದು ಹೇಗೆ ನಡೆದೀತು ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಇದು ಮನೆಮನೆಯ ವಿಷಯ. ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆ ಕಾಂಚನ, ರಜತ್ ಎಂಬ ಆಟೊಮ್ಯಾಟಿಕ್‌ಗಳನ್ನೂ ತಯಾರಿಸಿತ್ತು. ಸೈಕಲ್ ತುಳಿದು, ಬಸ್ಸಿನ ಕಂಬಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದವರ ಕೈಯಲ್ಲಿ ಓಡಿದ ಆ ವಾಚುಗಳು ಈಗ ಮಗನ ಕೈಗೋ ಮೊಮ್ಮಗಳ ಕೈಗೋ ಬಂದು, ಅದೇ ಊರಿನ ಕಂಪ್ಯೂಟರ್ ಮೇಜುಗಳ ಮುಂದೆ ಕೂತಿವೆ. ನಿಂತುಹೋದರೆ ಯಂತ್ರ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಪೂರ್ತಿ ನಿಂತ ವಾಚನ್ನು ಒಂದು ರಜಾದಿನ ಕಟ್ಟಿಕೊಂಡು ಓಡಾಡಿ, ರಾತ್ರಿ ಕಳಚಿಟ್ಟು, ಎಷ್ಟು ಹೊತ್ತಿಗೆ ನಿಂತಿತು ನೋಡಿ. ಮತ್ತೊಮ್ಮೆ ಪೂರ್ತಿ ನಿಂತ ಮೇಲೆ ಕಚೇರಿಯ ದಿನ ಅದನ್ನೇ ಮಾಡಿ. ಎರಡೂ ದಿನ ಬೇಗ ನಿಂತರೆ ಎಣ್ಣೆಯೋ ಸ್ಪ್ರಿಂಗೋ ಕೆಟ್ಟಿದೆ, ರಿಪೇರಿಯವರ ಕೈಗೆ ಹೋಗಲಿ. ರಜಾದಿನ ಚೆನ್ನಾಗಿ ಓಡಿ ಕಚೇರಿಯ ದಿನ ಮಾತ್ರ ಸೋತರೆ ವಾಚು ಸರಿಯಾಗಿದೆ, ಕೀ ಸಾಲುತ್ತಿಲ್ಲ. ತಯಾರಕರು ಇದೇ ಪರೀಕ್ಷೆಯನ್ನು ಡಯಲ್ ಮೇಲ್ಮುಖವಾಗಿಟ್ಟು, ಸಣ್ಣ ಓರೆಗಳಲ್ಲಿ ಎಂಟು ಗಂಟೆ ತೂಗಿಸಿ ನಡೆಸಿ, ಬಂದ ಅಂಕಿಯನ್ನು ಪವರ್ ರಿಸರ್ವ್ ಪಕ್ಕದಲ್ಲೇ ಅಚ್ಚು ಹಾಕಬೇಕು. ಹಾಗೆ ಅಚ್ಚಾಗುವವರೆಗೆ, ಕೂತು ಕೆಲಸ ಮಾಡುವವರು ಅಂಗಡಿಯಲ್ಲಿ ಎಷ್ಟು ಗಂಟೆ ಓಡುತ್ತದೆ ಎಂಬುದರ ಜೊತೆಗೆ ರೋಟರ್ ಯಾವ ದಿಕ್ಕಿನಲ್ಲಿ ಕೀ ಕೊಡುತ್ತದೆ, ದಿಕ್ಕು ತಿದ್ದಲು ಒಳಗೆ ಏನಿದೆ ಎಂಬುದನ್ನೂ ಕೇಳಿ ಕೊಳ್ಳಬೇಕು.