ಹೂವು ಯಾರ ಮುಡಿಯದು?

ಕಸೂತಿಯ ಬಗ್ಗೆ ಬರೆಯುವವರು ಒಂದೇ ಮಾತನ್ನು ತಿರುತಿರುಗಿ ಬರೆಯುತ್ತಾರೆ: ಕಮಲವೆಂದರೆ ಪಾವಿತ್ರ್ಯ, ಮಲ್ಲಿಗೆಯೆಂದರೆ ಒಲವು, ಸೂಜಿಯ ತುದಿಯಲ್ಲಿ ಹೆಣ್ಣಿನ ಭಾವನೆ ಅರಳಿತು. ಅರಳಲಿ, ನಮ್ಮದೇನೂ ತಕರಾರಿಲ್ಲ. ಆದರೆ ಆ ಹೆಣ್ಣು ಯಾವ ಕೇರಿಯವಳು ಅನ್ನೋದನ್ನ ಇವರು ಕೇಳೋದೇ ಇಲ್ಲ.

1930ರ ಡಿಸೆಂಬರಿನಲ್ಲಿ, ಆಗಿನ ಮದ್ರಾಸ್ ಪ್ರಾಂತದ ರಾಮನಾಡಿನಲ್ಲಿ, ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ಕಟ್ಟಳೆ ಹೇರಿದರು. ಜೆ.ಎಚ್. ಹಟನ್ ಜಾತಿ ಕುರಿತ ತನ್ನ ಗ್ರಂಥದಲ್ಲಿ ಅವನ್ನು ದಾಖಲಿಸಿದ್ದಾನೆ. ಚಿನ್ನ ಬೆಳ್ಳಿ ತೊಡಬಾರದು. ಹೆಂಗಸರು ಎದೆ ಮುಚ್ಚಬಾರದು. ಹೂವನ್ನೂ ಮುಡಿಯಬಾರದು! ಒಂದು ಮೊಳ ಹೂವಿಗೆ ಇಷ್ಟು ಹೆದರಿದವರಿಗೆ ಅದರ ಅರ್ಥ ನಮ್ಮ ಸೌಂದರ್ಯ ಮೀಮಾಂಸಕರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಡಿದ ಹೂವು 'ನಾನೂ ಸಂತೋಷವಾಗಿದೀನಿ' ಅನ್ನುತ್ತೆ. ಅವರಿಗೆ ತಡೆದುಕೊಳ್ಳಲಾಗದ್ದು ಆ ಮಾತು.

ಕಸೂತಿ ಸಣ್ಣ ಕೆಲಸವೇನಲ್ಲ. ಧಾರವಾಡದ ಕಡೆ ಬಟ್ಟೆ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿ ಎಣಿಸಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ, ಎರಡೂ ಬದಿ ಒಂದೇ ಥರ. ನಮ್ಮ ಎಷ್ಟೋ ಕವಿತೆಗಳಿಗೆ ಈ ಶಿಸ್ತಿಲ್ಲ, ಒಪ್ಪುತ್ತೇವೆ. ಆದರೆ ಇಳಕಲ್ ಸೀರೆಯ ಮೇಲೆ ಕಮಲದ ಪಕ್ಕ ಬರುವುದು ಗೋಪುರ, ತೇರು, ತುಳಸಿಕಟ್ಟೆ. ಆ ಗೋಪುರದೊಳಗೆ ನಮ್ಮವ್ವಂದಿರನ್ನು ಬಿಟ್ಟುಕೊಂಡಿರಲಿಲ್ಲ. ಹೂವನ್ನು ಓದುವವರು ಅದರ ನೆರೆಹೊರೆಯನ್ನೂ ಓದಬೇಕು. ಲಂಬಾಣಿ ಹೆಂಗಸರು ಕನ್ನಡಿ ಚೂರು, ಕವಡೆ, ನಾಣ್ಯ ಕೂಡಿಸಿ ಹೊಲಿದದ್ದನ್ನು ಪೇಟೆಯವರು ದಿಂಬಿನ ಕವರಿಗೆ ಕೊಳ್ಳುತ್ತಾರೆ. ತಾಂಡಾದ ದಾರಿ ಮಾತ್ರ ಕೇಳುವುದಿಲ್ಲ.

ಒಡವೆಯ ಮಾತು ಇನ್ನೂ ತೊಡಕಿನದು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಕೊರಳು ಕೈ ತುಂಬ ಹೇರಿಕೊಂಡ ಒಡವೆ ಬಿಡಿ, ಸೀರೆ ಉಡುವ ರೀತಿ ಬದಲಿಸಿ ಅಂದರು. ನೋಡಿದೊಡನೆ ಅಸ್ಪೃಶ್ಯರೆಂದು ತಿಳಿಯುವ ಗುರುತು ಅವು. ಒಂದು ಕಡೆ ತೊಟ್ಟರೆ ಒದೆ, ಇನ್ನೊಂದು ಕಡೆ ತೊಟ್ಟಿದ್ದೇ ಜಾತಿಯ ಚೀಟಿ. ಇದನ್ನು ಬಿಟ್ಟು ಸಂಕೇತಗಳ ಬಗ್ಗೆ ಬರೆಯುವುದಾದರೂ ಹೇಗೆ?

ನಮ್ಮ ತಪ್ಪೂ ಇದೆ. ನವೋದಯದವರ ಮೇಲಿನ ಸಿಟ್ಟಿಗೆ ನಾವು ಕವಿತೆಯಿಂದ ಹೂವನ್ನೇ ಕಿತ್ತುಹಾಕಿದೆವು. ಬೆಂಕಿ, ನೆತ್ತರು, ಮಚ್ಚು ಉಳಿದವು. ರಾಮನಾಡಿನ ಕಟ್ಟಳೆಯನ್ನು ನಾವೇ ನಮ್ಮ ಅಕ್ಕತಂಗಿಯರ ಮೇಲೆ ಹಾಕಿದಂತಾಯಿತಲ್ಲ, ಗೆಳೆಯರೆ?

ಸೂಜಿ ಹಿಡಿಯುವ ಮನೆಯವರು ನಮಗೆ ಬರೆಯಿರಿ: ಕೌದಿಯ ಮೇಲೆ ಹಾಕುವ ಹೂವಿಗೆ ನಿಮ್ಮವ್ವ ಏನಂತ ಕರೀತಾಳೆ, ಯಾರ ನೆನಪಿಗೆ ಹಾಕ್ತಾಳೆ?