ಮೊದಲು ಶ್ರುತಿ, ಆಮೇಲೆ ಮರ

ಐದಾರು ಸಾವಿರ ರೂಪಾಯಿಯೊಳಗೆ ಒಳ್ಳೆಯ ಸೊಪ್ರಾನೊ ಉಕುಲೆಲೆ ಸಿಗುತ್ತದೆಯೇ ಎಂದು ಕೇಳಿದರೆ ಅಂಗಡಿಯಲ್ಲೂ ಜಾಹೀರಾತಿನಲ್ಲೂ ಮೊದಲು ಬರುವ ಉತ್ತರ ಮರದ ಹೆಸರು: ಮಹಾಗನಿ, ಕೋವಾ, ಸಪೇಲೆ, ಸ್ಪ್ರೂಸ್. ಅದರ ಹಿಂದೆಯೇ ಜೊತೆಗೆ ಕೊಡುವ ಚೀಲ, ಬೆಲ್ಟು, ಟ್ಯೂನರ್, ಪಿಕ್ಕುಗಳ ಪಟ್ಟಿ. ನುಡಿಸಿದಾಗ ಸ್ವರ ಸ್ವಸ್ಥಾನದಲ್ಲಿ ನಿಲ್ಲುತ್ತದೆಯೇ ಎಂಬ ಮಾತು ಬರುವುದು ಅಪರೂಪ. ಕಡಿಮೆ ದುಡ್ಡಿನ ಸೊಪ್ರಾನೊದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ವಾದ್ಯದ ಗಾತ್ರದಲ್ಲೇ ಇದೆ. ಸೊಪ್ರಾನೊ, ಕಾನ್ಸರ್ಟ್, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ರೂಢಿಯ ಅಳತೆಗಳಲ್ಲಿ ಸೊಪ್ರಾನೊವೇ ಚಿಕ್ಕದು. ಒಟ್ಟು ಉದ್ದ ಸುಮಾರು 53 ಸೆಂಟಿಮೀಟರ್. ನಟ್‌ನಿಂದ ಒಡಲಿನ ಮೇಲೆ ತಂತಿ ಆನುವ ಸ್ಯಾಡಲ್‌ವರೆಗೆ ಮಿಡಿಯುವ ತಂತಿ 34 ಸೆಂಟಿಮೀಟರ್ ಆಸುಪಾಸು. ಗಿಟಾರಿನಲ್ಲಿ ಅದು 65. ಹನ್ನೆರಡನೇ ಫ್ರೆಟ್ ಒಂದೇ ಒಂದು ಮಿಲಿಮೀಟರ್ ಆಚೀಚೆಯಾದರೂ ಸೊಪ್ರಾನೊದಲ್ಲಿ ಸ್ವರ ಹತ್ತು ಸೆಂಟ್‌ನಷ್ಟು ಜರುಗುತ್ತದೆ, ಅಂದರೆ ಅರ್ಧ ಸ್ವರದ ಹತ್ತನೇ ಒಂದು ಪಾಲು. ಅದೇ ತಪ್ಪು ಗಿಟಾರಿನಲ್ಲಿ ಐದು ಸೆಂಟ್ ಮಾತ್ರ. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕೂತಿರುವುದರಿಂದ ಅಪಶ್ರುತಿ ಬಂದರೆ ಮೇಳ ಕಟ್ಟುವವರು ಅವನ್ನು ಮತ್ತೆ ಹೊಂದಿಸಿ ಕೊಡುತ್ತಾರೆ. ಉಕುಲೆಲೆಯ ಫ್ರೆಟ್ಟುಗಳನ್ನು ಮರದ ಸೀಳಿನೊಳಗೆ ಹೊಡೆದು ಕೂರಿಸಿರುತ್ತಾರೆ. ಕಾರ್ಖಾನೆಯಲ್ಲಿ ತಪ್ಪಿದ್ದು ಮನೆಯಲ್ಲಿ ಸರಿಹೋಗುವುದಿಲ್ಲ.

ಸಮಾಧಾನದ ವಿಷಯವೆಂದರೆ ಈಗಿನ ಯಂತ್ರಗಳು ಫ್ರೆಟ್ಟಿನ ಸೀಳುಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಕೊರೆಯುತ್ತವೆ. ಅಗ್ಗದ ವಾದ್ಯಗಳು ಹೆಚ್ಚಾಗಿ ಸೋಲುವುದು ನಟ್‌ನಲ್ಲಿ, ಅಂದರೆ ಬಿರಡೆಗಳ ಬುಡದಲ್ಲಿ ತಂತಿ ಹಾಯ್ದು ಬರುವ ಆ ಸಣ್ಣ ಪಟ್ಟಿಯಲ್ಲಿ. ಅದರ ಕಚ್ಚುಗಳನ್ನು ಬೇಕಾದಷ್ಟು ಆಳಕ್ಕೆ ಅರ ಹಾಕಿ ಇಳಿಸಲು ಅನುಭವಿ ಕೈ ಬೇಕು, ಸಮಯ ಬೇಕು. ಬೆಲೆ ಇಳಿಸುವಾಗ ಮೊದಲು ಬಿಟ್ಟುಹೋಗುವುದು ಆ ಸಮಯವೇ. ಕಚ್ಚು ಎತ್ತರದಲ್ಲಿದ್ದರೆ ಮೊದಲ ಫ್ರೆಟ್ಟಿನಲ್ಲಿ ಬೆರಳು ಒತ್ತಿದಾಗ ತಂತಿ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಟ್ಟು ಸ್ವರ ಏರುತ್ತದೆ. ಸೊಪ್ರಾನೊದಲ್ಲಿ ನಟ್‌ಗೂ ಮೊದಲ ಫ್ರೆಟ್ಟಿಗೂ ಇರುವ ದೂರ ಸುಮಾರು 19 ಮಿಲಿಮೀಟರ್ ಅಷ್ಟೇ. ಗಿಟಾರಿನ ಅರ್ಧ. ಹಾಗಾಗಿ ಕೂದಲೆಳೆಯಷ್ಟು ಎತ್ತರವೂ ಕಿವಿಗೆ ಬೀಳುತ್ತದೆ.

ಇದನ್ನು ಪತ್ತೆ ಮಾಡಲು ಸುಲಭದ ದಾರಿ ಎಫ್ ಕಾರ್ಡ್. ಉಕುಲೆಲೆಯ ಶ್ರುತಿ ಜಿ, ಸಿ, ಇ, ಎ. ಮೊದಲನೆಯ ಜಿ ತಂತಿ ದಪ್ಪ ಸ್ವರದ್ದಲ್ಲ, ಎ ತಂತಿಯ ಪಕ್ಕದ ಸ್ವರವೇ. ಎಫ್ ಕಾರ್ಡಿನಲ್ಲಿ ಜಿ ತಂತಿಯನ್ನು ಎರಡನೇ ಫ್ರೆಟ್ಟಿನಲ್ಲಿ ಹಿಡಿಯುತ್ತೇವೆ, ಎ ತಂತಿಯನ್ನು ಖಾಲಿ ಬಿಡುತ್ತೇವೆ. ಎರಡರಿಂದಲೂ ಬರಬೇಕಾದ್ದು ಒಂದೇ ಸ್ವರ: 440 ಹರ್ಟ್ಸ್‌ನ ಎ. ನಾಲ್ಕೂ ತಂತಿಗಳನ್ನು ಶ್ರುತಿ ಮಾಡಿಕೊಂಡು ಈ ಎರಡನ್ನು ಒಟ್ಟಿಗೆ ಮೀಟಿ ನೋಡಿ. ಒಂದರಲ್ಲೊಂದು ಬೆರೆತರೆ ನಟ್ ಸರಿಯಿದೆ. ಅಲೆ ಅಲೆಯಾಗಿ ನಡುಗಿದರೆ ಒತ್ತಿದ ತಂತಿ ಏರಿದೆ ಎಂದರ್ಥ. ಹೊಸದಾಗಿ ಕಲಿಯುವ ಮಗುವಿಗೆ ಎರಡನೆಯದೋ ಮೂರನೆಯದೋ ಪಾಠದಲ್ಲೇ ಎಫ್ ಬರುತ್ತದೆ. ಅದು ಸೊಟ್ಟಗೆ ಕೇಳಿದಾಗ ಮಗು ದೂರುವುದು ತನ್ನ ಬೆರಳನ್ನು, ತನ್ನ ಕಿವಿಯನ್ನು. ವಾದ್ಯದ ತಪ್ಪಿಗೆ ಮಗು ಸಂಗೀತವನ್ನೇ ಬಿಡುವುದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು ಪರೀಕ್ಷೆ: ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿಗೂ ತಂತಿಗೂ ನಡುವೆ ತೆಳು ಕಾಗದ ನುಸುಳುವಷ್ಟು ಮಾತ್ರ ಸಂದು ಇರಬೇಕು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಸ್ಯಾಡಲ್ ಹೊರತೆಗೆದು ಅದರ ಅಡಿಯನ್ನು ಉಪ್ಪುಕಾಗದದ ಮೇಲೆ ಸಮನಾಗಿ ತಿಕ್ಕಿ ಇಳಿಸಬಹುದು. ನಟ್ ಕೆಲಸವನ್ನು ಮಾತ್ರ ಗಿಟಾರ್ ರಿಪೇರಿಯವರಿಗೇ ಬಿಡಿ. ಕಚ್ಚು ತುಸು ಹೆಚ್ಚು ಆಳವಾದರೂ ತಂತಿ ಫ್ರೆಟ್ಟಿಗೆ ಬಡಿದು ಕರಕರ ಅನ್ನುತ್ತದೆ.

ಮರಕ್ಕಿಂತ ಅಳತೆ ಮುಖ್ಯ ಎಂಬುದಕ್ಕೆ ಉಕುಲೆಲೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. 1879ರ ಆಗಸ್ಟ್ 23ರಂದು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕಬ್ಬಿನ ತೋಟಗಳಿಗೆ ಕೂಲಿಗಳನ್ನು ಹೊತ್ತ ರೇವನ್ಸ್‌ಕ್ರಾಗ್ ಹಡಗು ಹೊನಲುಲು ತಲುಪಿತು. ಅದರಲ್ಲಿ ಬಂದ ಮ್ಯಾನುಯೆಲ್ ನೂನೆಸ್, ಅಗಸ್ಟೊ ಡಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಮರಗೆಲಸದವರು. ತಮ್ಮೂರಿನ ಮಶೇಟ್ ಎಂಬ ಪುಟ್ಟ ವಾದ್ಯದ ಮಾದರಿಯಲ್ಲಿ ಹವಾಯಿಯ ಕೋವಾ ಮರದಿಂದ ಇವರು ಮಾಡಿದ್ದೇ ಉಕುಲೆಲೆ. ಕೋವಾದ ಮೇಲಿನ ಮೋಹ ಅಲ್ಲಿಂದ ಬಂದದ್ದು, ಅದಕ್ಕೆ ಅರ್ಥವೂ ಇದೆ. 1916ರಲ್ಲಿ ಹೊನಲುಲುವಿನಲ್ಲಿ ಶುರುವಾದ ಕಮಾಕಾ ಮನೆತನದ ಕೋವಾ ಸೊಪ್ರಾನೊಗಳ ನಾದ ನಿಜಕ್ಕೂ ಬೇರೆ ದರ್ಜೆಯದು, ಬೆಲೆಯೂ ಹಾಗೆಯೇ. ಆದರೆ 1949ರಲ್ಲಿ ಮಾರಿಯೊ ಮಕ್ಕಫೆರ್ರಿ ಅಮೆರಿಕದಲ್ಲಿ ಐಲ್ಯಾಂಡರ್ ಎಂಬ ಪೂರ್ತಿ ಪ್ಲಾಸ್ಟಿಕ್ಕಿನ ಉಕುಲೆಲೆ ತಂದರು. ಪ್ಯಾರಿಸ್ಸಿನ ಸೆಲ್ಮರ್ ಕಂಪನಿಗೆ ಗಿಟಾರ್ ವಿನ್ಯಾಸ ಮಾಡಿಕೊಟ್ಟಿದ್ದ ಈತನಿಗೆ ವಾದ್ಯದ ಮರ್ಮ ಗೊತ್ತಿತ್ತು. ಅಚ್ಚಿನಲ್ಲೇ ಎರಕಗೊಂಡ ಫ್ರೆಟ್ಟುಗಳು ಪ್ರತಿ ವಾದ್ಯದಲ್ಲೂ ಅದೇ ಜಾಗದಲ್ಲಿ ಬಂದವು. ಆರು ಡಾಲರಿನ ಆಸುಪಾಸಿನ ಆ ವಾದ್ಯ ಲಕ್ಷಗಟ್ಟಲೆ ಮಾರಾಟವಾಯಿತು. ಅದು ಆಟಿಕೆಯಾಗಿ ಉಳಿಯದೆ ವಾದ್ಯವಾದದ್ದು ಶ್ರುತಿಯಲ್ಲಿ ನುಡಿದದ್ದರಿಂದ.

ಈ ಮಾನದಂಡದಿಂದ ಇವತ್ತಿನ ಕೆಲವನ್ನು ನೋಡೋಣ. ಮಕಾಲಾ ಡಾಲ್ಫಿನ್‌ನ ಒಡಲು ಪ್ಲಾಸ್ಟಿಕ್ಕು, ಮೇಲ್ಮೈ ಮಾತ್ರ ಮರದ ಪದರ, ತಂತಿ ಕಟ್ಟುವ ಬ್ರಿಡ್ಜ್ ಡಾಲ್ಫಿನ್ ಆಕಾರದ್ದು. ನೋಟಕ್ಕೆ ಮಕ್ಕಳ ಸಾಮಾನು. ನಾದದಲ್ಲಿ ಆಳ ಕಡಿಮೆ, ಆದರೂ ನಟ್ ತಿದ್ದಿಸಿ ಒಳ್ಳೆಯ ತಂತಿ ಹಾಕಿದರೆ ಗೆಲುವಾಗಿ ನುಡಿಯುತ್ತದೆ. ಅದೇ ಬಳಗದ ಕಾಲಾ ಕೆಎ-15ಎಸ್ ಮಹಾಗನಿ ಪ್ಲೈವುಡ್ಡಿನದು. ಅಂಚಿನ ಕುಸುರಿ, ಹೊಳಪು ಯಾವುದೂ ಇಲ್ಲ. ಉಳಿಸಿದ ಹಣ ನಟ್, ಸ್ಯಾಡಲ್, ತಂತಿಗಳಿಗೆ ಹೋಗಿದೆ. ಕಡಿಮೆ ಬಜೆಟ್ಟಿನಲ್ಲಿ ಖರ್ಚು ಹೀಗೇ ಆಗಬೇಕು. ನನ್ನ ಆಯ್ಕೆ ಅದೇ, ಅಥವಾ ಅದೇ ಧಾಟಿಯ ಬೇರೆ ಕಂಪನಿಯ ಸರಳ ವಾದ್ಯ. ಅಮೆರಿಕದ ಮ್ಯಾಜಿಕ್ ಫ್ಲೂಕ್ ಕಂಪನಿಯ ಫ್ಲೀ ನಮ್ಮ ಬಜೆಟ್ಟಿಗೆ ದೂರ. ಅದರಲ್ಲಿ ನಟ್‌ನ ಪಕ್ಕದಲ್ಲೇ ಸೊನ್ನೆಯ ಫ್ರೆಟ್ ಎಂಬ ಹೆಚ್ಚುವರಿ ಫ್ರೆಟ್ಟೊಂದಿದ್ದು, ಖಾಲಿ ತಂತಿಯೂ ಅದರ ಮೇಲೇ ಕೂರುತ್ತದೆ. ನಟ್ ಕಚ್ಚಿನ ತಲೆನೋವೇ ಇಲ್ಲ. ಅಗ್ಗದ ವಾದ್ಯಗಳ ತಯಾರಕರು ಕಲಿಯಬೇಕಾದ ಪಾಠ ಇದು.

‘ಸಾಲಿಡ್ ಟಾಪ್’ ಎಂಬ ಚೀಟಿಗೆ ಈ ಬೆಲೆಯಲ್ಲಿ ಹೆಚ್ಚು ಕೊಡಬೇಡಿ ಎನ್ನುತ್ತೇನೆ. ಇಡೀ ಹಲಗೆ ಪ್ಲೈವುಡ್ಡಿಗಿಂತ ಚೆನ್ನಾಗಿ ಕಂಪಿಸುತ್ತದೆ, ನಿಜ. ಆದರೆ ಅದಕ್ಕೆ ಶೇಕಡಾ 40ರಿಂದ 60ರಷ್ಟು ಆರ್ದ್ರತೆಯ ಹಿತವಾದ ಗಾಳಿ ಬೇಕು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ಭಯ. ಪೆಟ್ಟಿಗೆಯೊಳಗೆ ಆರ್ದ್ರತೆ ಕಾಯುವ ಪಾಡು ಕಲಿಯುವವರಿಗೆ ಯಾಕೆ? ಪದರಪದರವಾಗಿ ಅಂಟಿಸಿದ ಪ್ಲೈವುಡ್ ಇದನ್ನೆಲ್ಲ ತಾಳಿಕೊಳ್ಳುತ್ತದೆ.

ಬಿರಡೆಗಳ ವಿಷಯದಲ್ಲಿ ಗೇರ್ ಇರುವುದನ್ನೇ ತೆಗೆದುಕೊಳ್ಳಿ. ಬರೀ ಘರ್ಷಣೆಯಿಂದ ನಿಲ್ಲುವ ನೇರ ಬಿರಡೆ ಹಳೆಯ ಸೊಗಸಿನದು, ಹಗುರವೂ ಹೌದು. ಅಗ್ಗದ ವಾದ್ಯದಲ್ಲಿ ಮಾತ್ರ ಅದು ಜಾರುತ್ತಲೇ ಇರುತ್ತದೆ.

ತಂತಿಯಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ತರುವುದು ಬೇರೊಂದಿಲ್ಲ. ಹೆಸರಿಲ್ಲದ ಕಪ್ಪು ನೈಲಾನ್ ತಂತಿ ಇದ್ದರೆ ತೆಗೆದುಹಾಕಿ. ಇಟಲಿಯ ಅಕ್ವಿಲಾ ಕಂಪನಿಯ ನೈಲ್‌ಗಟ್ ಹಳೆಯ ಕಾಲದ ಕರುಳಿನ ತಂತಿಯ ಗುಣವನ್ನು ಅನುಕರಿಸಿ ಮಾಡಿದ್ದು. ಧ್ವನಿ ಗಟ್ಟಿ, ಪ್ರಕಾಶ. ಫ್ಲೋರೋಕಾರ್ಬನ್ ತಂತಿ ಹೆಚ್ಚು ಸಾಂದ್ರವಾದ್ದರಿಂದ ಅದೇ ಸ್ವರಕ್ಕೆ ತೆಳುವಾಗಿದ್ದರೆ ಸಾಕು. ಬೆರಳಿಗೆ ನುಣುಪು, ಧ್ವನಿ ಸ್ವಲ್ಪ ಮೃದು. ಯಾವುದೇ ಆದರೂ ಹೊಸ ತಂತಿ ಕೆಲವು ದಿನ ಹಿಗ್ಗುತ್ತಾ ಶ್ರುತಿ ಇಳಿಸುತ್ತಲೇ ಇರುತ್ತದೆ. ಅದನ್ನು ಬಿರಡೆಯ ದೋಷವೆಂದು ತಿಳಿದು ವಾದ್ಯ ಹಿಂದಿರುಗಿಸಬೇಡಿ. ದಿನಕ್ಕೆ ನಾಲ್ಕಾರು ಸಲ ಶ್ರುತಿ ಏರಿಸುತ್ತಾ ಹೋದರೆ ತಾನೇ ನಿಲ್ಲುತ್ತದೆ. ಆನ್‌ಲೈನಿನಲ್ಲಿ ಕೊಂಡವರು ತಂತಿ ಹಾಗೆ ಒಂದು ಹದಕ್ಕೆ ಬಂದ ಮೇಲೆ, ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲು, ಎಫ್ ಕಾರ್ಡಿನ ಪರೀಕ್ಷೆ ಮಾಡಲಿ. ಅಂಗಡಿಯಲ್ಲಿ ಕೊಳ್ಳುವವರು ಅಲ್ಲೇ ಮಾಡಿ, ನಟ್ ತಿದ್ದಿಕೊಡಿ ಎಂದು ಕೇಳಲಿ. ಚೀಲ, ಬೆಲ್ಟು ಬೇಡ, ಅದರ ಬದಲು ಈ ಕೆಲಸ ಮಾಡಿಕೊಡಿ ಎಂದರೆ ಒಪ್ಪುವ ಅಂಗಡಿಯವರು ಇದ್ದಾರೆ.